ನಾನು ಬಿಟ್ಟ ರೀಲು

ನಮ್ಮ ಸೋದರಮಾವ ಆಯುಷ್ಯದಲ್ಲಿ ಒಂದೇ ಒಂದು ಸಲ ನಿಜ ಹೇಳಿದ್ದಾನೆ. ಅದೂ ಮೀನಿನ ವಿಷಯದಲ್ಲಿ! ಯಾರು ನಂಬಬೇಕು ಹೇಳಿ?

ಬಸವನ ಬಾಗೇವಾಡಿಯಲ್ಲಿ ಅವನದು ಟೇಲರ್ ಅಂಗಡಿ. ಅಲ್ಲಿ ಅವನು ಹೊಲಿದದ್ದಕ್ಕಿಂತ ರೀಲು ಬಿಟ್ಟದ್ದೇ ಹೆಚ್ಚು. ಹಬ್ಬದ ಅಂಗಿ ಕೇಳಲು ಬಂದವರಿಗೆಲ್ಲ ಒಂದೇ ಉತ್ತರ: "ಆಗೇತ್ರಿ, ಬರೇ ಗುಂಡಿ ಹಚ್ಚೋದು ಉಳದೈತಿ." ಅಸಲಿಗೆ ಅರಿವೆಗೆ ಕತ್ತರಿಯೇ ಬಿದ್ದಿರುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ ಬಾಗಿಲಿಗೆ ಬರುತ್ತಲೇ ಮಾಮಾ ತಲೆ ಎತ್ತದೆ ಇದೇ ಮಾತು ಹೇಳಿದ. ಆತ ತಣ್ಣಗೆ, "ಮಾಸ್ತರ, ಅರಿವಿ ಕೊಡಾಕ ಈಗ ಬಂದೇನ್ರಿ" ಎಂದ.

ರಜೆಯ ದಿನ ಮಾಮಾ ಹಿನ್ನೀರಿನ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂರುತ್ತಿದ್ದ. ಹೊಲಿಗೆ ದಾರ ಮುಗಿದ ಖಾಲಿ ರೀಲಿಗೆ ನೈಲಾನ್ ದಾರ ಸುತ್ತಿಕೊಂಡರೆ ಅವನ ಸಾಮಾನು ಮುಗಿಯಿತು. ಒಂದು ದಿನ ದೊಡ್ಡ ಮೀನೊಂದು ಗಾಳ, ದಾರ, ರೀಲು ಎಲ್ಲವನ್ನೂ ಎಳೆದುಕೊಂಡು ಹೋಯಿತಂತೆ. ಟೇಲರ್ ಕಣ್ಣಲ್ಲವೇ, ನೋಡಿದ ಕೂಡಲೇ ಅಳತೆ ಹಿಡಿದುಬಿಟ್ಟಿದ್ದ.

"ಸೊಂಟ ಮೂವತ್ನಾಲ್ಕು ಇತ್ತೋ ಅಳ್ಯಾ" ಎಂದ.

ಬಜಾರೆಲ್ಲ ನಕ್ಕಿತು. ಕಥೆ ಮುದ್ದೇಬಿಹಾಳ ದಾಟಿ ಸಿಂದಗಿ ಮುಟ್ಟುವಷ್ಟರಲ್ಲಿ ಆ ಮೀನು ಪ್ಯಾಂಟು ಹಾಕಿಕೊಂಡಿತ್ತು. ಮಾಮಾ ಮಾತ್ರ ನಗಲಿಲ್ಲ. ನನ್ನನ್ನು ಅಂಗಡಿಯೊಳಗೆ ಕರೆದು ಬಲ ಅಂಗೈ ಬಿಚ್ಚಿ ತೋರಿಸಿದ. ದಾರ ಆಳವಾಗಿ ಕೊಯ್ದಿತ್ತು.

"ನನಗೊಂದು ಚಲೋ ರೀಲು ಬೇಕೋ. ಮೀನಾ ಹಿಡಿಯೋ ಖರೇ ರೀಲು. ಆ ಮೀನಾ ಹಿಡದು ತಂದು ಬಜಾರದಾಗ ಇಡತೇನಿ. ಒಂದ್ಸಲರೆ ನನ್ನ ಮಾತು ನಂಬಲಿ ಮಂದಿ."

ಇಬ್ಬರೂ ವಿಜಯಪುರಕ್ಕೆ ಹೋದೆವು. ಅಂಗಡಿಯವ ಒಂದೊಂದೇ ರೀಲು ಇಳಿಸುತ್ತ, "ಕಾಕಾರ, ಇದರಾಗ ಎಂಟು ಬೇರಿಂಗ್ ಅದಾವ್ರಿ" ಎಂದು ಶುರುಮಾಡಿದ.

"ಎಣಿಕಿ ಇರಲಿ, ಮದಲ ಆ ಫ್ಯಾನ್ ಬಂದ್ ಮಾಡ್ರಿ" ಎಂದ ಮಾಮಾ.

ನಮ್ಮ ಮಾಮಾ ಯಾವ ಯಂತ್ರವನ್ನೂ ಕಣ್ಣಿಂದ ನೋಡಿ ತಿಳಿದವನಲ್ಲ. ಪಕ್ಕದ ಅಂಗಡಿಯ ಹೊಲಿಗೆ ಮಿಷನ್ನಿನ ಸಪ್ಪಳ ಕೇಳಿ, ಎಣ್ಣೆ ಬಿಟ್ಟು ಎಷ್ಟು ದಿನವಾಯಿತೆಂದು ಕೂತಲ್ಲಿಂದಲೇ ಹೇಳುತ್ತಿದ್ದ. ಇಲ್ಲೂ ಅಷ್ಟೇ. ಒಂದೊಂದೇ ರೀಲನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಹಿಡಿಕೆ ತಿರುಗಿಸಿದ. ಬೆವರುತ್ತ ನಿಂತಿದ್ದ ಗಿರಾಕಿಯೊಬ್ಬ ಕೆಮ್ಮಿದಾಗ, "ಸ್ವಲ್ಪ ಹೊರಗ ಹೋಗಿ ಕೆಮ್ರಿ" ಎಂದ. ಆಮೇಲೆ ದಾರ ಎಳೆದು ನೋಡಿದ. ಮಿಷನ್ನಿನ ಮೇಲಿನ ದಾರದ ಟೆನ್ಶನ್ ಇದ್ದಂತೆ ಇರಬೇಕಂತೆ, ಹರಿಯಲೂಬಾರದು, ಸಡಿಲಾಗಲೂಬಾರದು.

ಹನ್ನೊಂದನೆಯದು ಕಪ್ಪು ಬಣ್ಣದ್ದು. ಅದನ್ನು ತಿರುಗಿಸಿದವನು ಬಹಳ ಹೊತ್ತು ಕಣ್ಣು ತೆರೆಯಲೇ ಇಲ್ಲ.

"ಸಪ್ಪಳನ ಇಲ್ಲ. ಇದ ನೋಡು."

"ಅದು ತೋರಸಾಕ ಇಟ್ಟದ್ರಿ ಕಾಕಾರ. ಹೊಸಾದು ಸೋಮವಾರ ಬರತೈತಿ" ಎಂದ ಅಂಗಡಿಯವ.

"ನಾ ತರ್ತೇನಿ ಮಾಮಾ, ನೀ ಚಿಂತಿ ಬಿಡು" ಎಂದೆ. ಆಗ ನಾನು ಇಂಡಿ ಊರಿನಲ್ಲಿ ನೌಕರಿಯಲ್ಲಿದ್ದೆ, ವಿಜಯಪುರಕ್ಕೆ ವಾರಕ್ಕೊಮ್ಮೆ ಬರುವವನು. ಆ ಅಂಗಡಿ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನನಗೆ ಎರಡು ಮಳೆಗಾಲ ಕಳೆದರೂ ಸಿಗಲಿಲ್ಲ.

ಮಾಮಾ ಫೋನ್ ಮಾಡಿ, "ರೀಲು ಏನಾತೋ?" ಎನ್ನುವನು. "ಆಗೇತಿ ಮಾಮಾ, ಬರೇ ಗುಂಡಿ ಹಚ್ಚೋದು ಉಳದೈತಿ" ಎನ್ನುವೆ. ತನ್ನ ಮಾತು ತನಗೇ ಬಂದದ್ದಕ್ಕೆ ಬಿದ್ದು ಬಿದ್ದು ನಗುವನು. ನನಗೂ ನನ್ನ ಜಾಣತನದ ಮೇಲೆ ಹೆಮ್ಮೆ! ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬರುಬರುತ್ತ ಅವನು ಫೋನಿನಲ್ಲಿ "ಏನಂದಿ? ಏನಂದಿ?" ಎನ್ನತೊಡಗಿದ. ನಾನು ನೆಟ್‌ವರ್ಕನ್ನು ಬೈದೆ. ಒಂದು ದಿನ ಅತ್ತೆ ಫೋನ್ ಇಸಿದುಕೊಂಡು, "ಅವರಿಗೆ ಕಿವಿ ಕೇಳಸವಲ್ದಪಾ. ಮಿಷನ್ ಸಪ್ಪಳಾನೂ ತಿಳಿಯಂಗಿಲ್ಲ, ಅಂಗಡಿ ಬಂದ್ ಮಾಡ್ಯಾರ" ಎಂದಳು.

ಮರುದಿನವೇ ವಿಜಯಪುರದ ಆ ಅಂಗಡಿಗೆ ಓಡಿದೆ. ಆ ರೀಲು ಬರುವುದು ನಿಂತು ವರ್ಷವಾಗಿತ್ತು. ನೋಡಲು ಹಾಗೆಯೇ ಇದ್ದ, ಅದೇ ಕಪ್ಪು ಬಣ್ಣದ ಬೇರೊಂದನ್ನು ಕೊಂಡೆ. ಬಸ್ಸಿನಲ್ಲಿ ತಿರುಗಿಸಿದರೆ ಕರಕರ ಎಂದಿತು. ಪಕ್ಕದ ಸೀಟಿನವರು ತಿರುಗಿ ನೋಡಿದರು. ಇಳಿದು ಹೋಗಿ ಬದಲಿಸಬಹುದಿತ್ತು, ಬಸ್ಸು ಇನ್ನೂ ಹೊರಟಿರಲಿಲ್ಲ. ಆದರೆ ನನ್ನ ತಲೆಗೆ ಏನು ಹೊಳೆಯಿತು ಗೊತ್ತೇ? ಹೇಗೂ ಅವನಿಗೆ ಕೇಳಿಸುವುದಿಲ್ಲವಲ್ಲ.

ಮಾಮಾ ರೀಲನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ರೂಢಿ ನೋಡಿ, ಕಿವಿಗೇ ಹಿಡಿದ, ಕಣ್ಣು ಮುಚ್ಚಿದ, ತಿರುಗಿಸಿದ. ಅಡುಗೆಮನೆಯಿಂದ ಅತ್ತೆ, "ಏನದು, ಜ್ವಾಳಾ ಬೀಸಿದಂಗ ಸಪ್ಪಳ?" ಎನ್ನುತ್ತ ಬಂದಳು. ನಾನು ಸುಮ್ಮನಿರುವಂತೆ ಸನ್ನೆ ಮಾಡಿದೆ.

"ಸಪ್ಪಳನ ಇಲ್ಲ. ಅವತ್ತ ನೋಡಿದ್ದ ರೀಲು ಇದ ಅಲ್ಲೇನು?" ಎಂದ ಮಾಮಾ.

ಹೌದೆಂದು ತಲೆಯಾಡಿಸಿದೆ. ಅವನ ಆಯುಷ್ಯದ ರೀಲುಗಳೆಲ್ಲ ಸೇರಿದರೂ ನಾನು ಬಿಟ್ಟ ಆ ಒಂದಕ್ಕೆ ಸಮ ಆಗಲಾರವು. ಸಂಜೆ ಬಜಾರಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿದ. "ನಮ್ಮ ಅಳಿಯಾ ತಂದಾನ, ನಂಬರ್ ಒನ್ ಮಾಲು." ನಾನು ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದೆ.

ಹೋದ ತಿಂಗಳು ಮತ್ತೆ ಹೋಗಿದ್ದೆ. ರೀಲು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಕಿವಿ ಕೇಳದವನನ್ನು ಅತ್ತೆ ಒಬ್ಬನೇ ನೀರಿನ ಕಡೆ ಬಿಡುವುದಿಲ್ಲ. ಆ ಮೀನು ಇನ್ನು ಬಜಾರಿಗೆ ಬರುವುದಿಲ್ಲ. ಕೈ ಸುಮ್ಮನಿರದೆ ಹಿಡಿಕೆ ತಿರುಗಿಸಿದೆ. ಸಪ್ಪಳವೇ ಇಲ್ಲ! ಮತ್ತೆ ತಿರುಗಿಸಿದೆ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಬಂತು.

ಮಾಮಾ ನನ್ನನ್ನೇ ನೋಡುತ್ತಿದ್ದ.

"ಕರಕರ ಅನ್ನೋದು ಅವತ್ತ ಬೆರಳಿಗೆ ತಿಳದಿತ್ತೋ ಅಳ್ಯಾ. ನನಗೇನು, ಕೇಳಂಗಿಲ್ಲ. ನಿನಗ ಕೇಳತೈತಲ್ಲ. ಬಂದಾಗೊಮ್ಮೆ ಕೇಳಿ ಮನಸ್ಸಿಗೆ ಹಚ್ಕೊಳ್ಳೋದು ಬ್ಯಾಡಂತ ಬಿಚ್ಚಿ ಎಣ್ಣಿ ಬಿಟ್ಟೇನಿ."

"ತಪ್ಪಾತು ಮಾಮಾ" ಎಂದೆ.

"ಏನಂದಿ?"

ಜೋರಾಗಿ ಹೇಳಿದೆ. ಓಣಿಗೆಲ್ಲ ಕೇಳಿಸಿರಬೇಕು. ಅವನು ಮತ್ತೆ "ಏನಂದಿ?" ಎಂದ. ನಿಜವಾಗಿ ಕೇಳಿಸಲಿಲ್ಲವೋ, ಅದೂ ಒಂದು ರೀಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೂರನೆಯ ಸಲ ಹೇಳಹೋದಾಗ ಮಾಮಾ ಬಲಗೈ ಚಾಚಿ ನನ್ನ ಬಾಯಿ ಮುಚ್ಚಿದ. ಅಂಗೈಯಲ್ಲಿ ದಾರ ಕೊಯ್ದ ಆ ಗೆರೆ ನನ್ನ ತುಟಿಗೆ ತಾಗಿತು.