ನಮ್ಮ ದೊಡ್ಡಪ್ಪನ ಗೋಬರ್ ಗ್ಯಾಸು

೨೦೧೨ರ ಡಿಸೆಂಬರ್ ೯, ಭಾನುವಾರ. ಬೆಳಗಿನ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ದೊಡ್ಡಪ್ಪ ಮನುಷ್ಯರನ್ನು ಮುಖ ನೋಡಿ ಅಳೆಯುವವನಲ್ಲ, ಅವರ ಮನೆಯ ದನ ಹಾಕುವ ಸೆಗಣಿ ನೋಡಿ ಅಳೆಯುವವನು. ನಗಬೇಡಿ, ಉತ್ಪ್ರೇಕ್ಷೆ ಮಾಡುತ್ತಿಲ್ಲ! ನನ್ನ ಅಪ್ಪ, ಅವ್ವ ಬನಹಟ್ಟಿಯಲ್ಲಿ ಮಗ್ಗ ನಡೆಸುವವರು. ಜಮಖಂಡಿಯ ಕಾಲೇಜಿಗೆ ಹೋಗಿಬರಲು ಅನುಕೂಲವೆಂದು ನನ್ನನ್ನು ಚಿಕ್ಕಪಡಸಲಗಿ ಕಡೆಯ ದೊಡ್ಡಪ್ಪನ ಮನೆಯಲ್ಲಿ ಬಿಡಲು ಅಪ್ಪ ಕರೆತಂದ ದಿನ, ದೊಡ್ಡಪ್ಪ ನಮ್ಮ ಹಿಂದೆ ರಸ್ತೆಯ ತುದಿಯವರೆಗೂ ಕಣ್ಣು ಹಾಯಿಸಿ ಅಪ್ಪನನ್ನು ಕೇಳಿದ:

“ಹುಡುಗಿ ಒಬ್ಬಾಕೀನ ಬಂದಾಳೇನು? ಜೋಡಿ ಒಂದು ಎಮ್ಮಿ ತರಬೇಕಿಲ್ಲೋ!”

ಹಿತ್ತಲಿನಲ್ಲಿ ಬಾವಿಯಂಥ ಒಂದು ಗುಂಡಿ, ಅದರ ಮೇಲೆ ಬೋರಲಾಗಿ ಕೂತ ಕಬ್ಬಿಣದ ದೊಡ್ಡ ಡ್ರಮ್ಮು. ಇದೇ ದೊಡ್ಡಪ್ಪನ ಸರ್ವಸ್ವ. ಸೆಗಣಿಗೆ ನೀರು ಕಲಸಿ ಗುಂಡಿಗೆ ಬಿಟ್ಟರೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ಮೇಲೇರುತ್ತದೆ. ಅಡುಗೆಮನೆಯಲ್ಲಿ ಒಲೆ ಉರಿದಂತೆ ಅದು ಕೆಳಗಿಳಿಯುತ್ತದೆ. ಬೇರೆಯವರು ಬೆಳಗ್ಗೆ ಎದ್ದು ಸೂರ್ಯನನ್ನು ನೋಡಿದರೆ ದೊಡ್ಡಪ್ಪ ಡ್ರಮ್ಮನ್ನು ನೋಡುತ್ತಾನೆ.

ಇದೆಲ್ಲ ಶುರುವಾದದ್ದು ದೊಡ್ಡವ್ವನ ಎದೆಯಿಂದ. ಮೂವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳಿಗೆ ಉಸಿರಾಡುವುದೇ ಒಂದು ಕೆಲಸವಾಗಿತ್ತು. ಜಮಖಂಡಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ದೊಡ್ಡಪ್ಪನಿಗೆ ನೇರವಾಗಿಯೇ ಹೇಳಿದ್ದರು: “ಇನ್ನೊಂದು ಚಳಿಗಾಲ ಈ ಹೊಗಿ ಕುಡಿದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ ನೋಡ್ರಿ.” ಸಿಲಿಂಡರ್ ಏಕೆ ತರಲಿಲ್ಲ ಎಂದು ಕೇಳುತ್ತೀರಿ. ತಂದಿದ್ದ. ಅದು ಖಾಲಿಯಾದ ಮೇಲೆ ಇನ್ನೊಂದಕ್ಕೆ ಹೆಸರು ಬರೆಸಿದರೆ, ಅದು ನಮ್ಮೂರಿಗೆ ಬರುವಷ್ಟರಲ್ಲಿ ಗಬ್ಬದ ಎಮ್ಮೆ ಕರು ಹಾಕಿ, ಕರು ಹುಲ್ಲು ತಿನ್ನಲು ಕಲಿತಿರುತ್ತಿತ್ತು!

ಹಾಗಾಗಿ ಗುಂಡಿ ತೋಡಿದ. ಆದರೆ ದೊಡ್ಡವ್ವ ಒಪ್ಪಬೇಕಲ್ಲ?

“ಸೆಗಣಿ ಉರೀ ಮ್ಯಾಲೆ ದೇವರ ಎಡಿ ಮಾಡಲೇನು?” ಎಂದು ಸೆರಗು ಸಿಕ್ಕಿಸಿ ನಿಂತಳು.

“ಅಲ್ಲಾ, ಸೆಗಣಿ ಹಚ್ಚಿ ಸಾರಿಸಿದ ನೆಲದ ಮ್ಯಾಲೆ ದೇವರನ್ನ ಕುಂದರಸ್ತಿ. ಅದರ ಉರಿ ಆಗಂಗಿಲ್ಲಾ? ನಿನ್ನ ದೇವರು ನಿನಕಿಂತ ನಾಜೂಕೇನು?”

ದೇವರು ಏನೂ ಅನ್ನಲಿಲ್ಲ. ಅಂದದ್ದು ರೊಟ್ಟಿ! ಜೋಳದ ರೊಟ್ಟಿ ಉಬ್ಬಬೇಕಾದರೆ ಉರಿ ಜೋರಾಗಿರಬೇಕು. ಮೊದಲ ದಿನ ಉರಿ ಎಷ್ಟು ಸಣ್ಣಗಿತ್ತೆಂದರೆ ರೊಟ್ಟಿ ಹಂಚಿನ ಮೇಲೆ ನಿದ್ದೆ ಹೋಯಿತು. “ನಂದೇ ಛಲೋ,” ಎಂದು ದೊಡ್ಡವ್ವ ಕೆಮ್ಮುತ್ತ ಕಟ್ಟಿಗೆ ಒಲೆಗೆ ತಿರುಗಿದಳು. ಉರಿ ಹೆಚ್ಚಬೇಕಾದರೆ ಸೆಗಣಿ ಹೆಚ್ಚಬೇಕು. ದೊಡ್ಡಪ್ಪನ ಹುಚ್ಚು ಆ ಕ್ಷಣದಿಂದ ಶುರುವಾಯಿತು.

ನನ್ನ ಅಕ್ಕನಿಗೆ ಗಂಡು ನೋಡಲು ಮುಧೋಳದ ಕಡೆ ಹೋಗಿದ್ದೆವು. ಎಲ್ಲರೂ ಪಡಸಾಲೆಯಲ್ಲಿ ಹುಡುಗನನ್ನು ನೋಡುತ್ತಿದ್ದರೆ ದೊಡ್ಡಪ್ಪ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ. ಮರಳಿ ಬಂದಾಗ ಮುಖ ಸಪ್ಪಗಾಗಿತ್ತು. ಬಸ್ಸಿನಲ್ಲಿ ಅಪ್ಪ ಕೇಳಿದ, “ಯಾಕಣ್ಣಾ, ಹುಡುಗ ಮನಸ್ಸಿಗೆ ಬರಲಿಲ್ಲೇನು?”

“ಹುಡುಗ ಛಲೋ ಅದಾನ, ಬಿ.ಎ. ಆಗ್ಯಾನ, ಖರೆ. ಆದರ ಎತ್ತು ಮಾರಿ ಟ್ರ್ಯಾಕ್ಟರ್ ತಂದಾರಲೇ! ಟ್ರ್ಯಾಕ್ಟರ್ ಏನು ಹಾಕತೈತಿ?”

ನನ್ನ ಡೈರಿಯಲ್ಲಿ ಆ ವರ್ಷದ ಲೆಕ್ಕ ಹೀಗಿದೆ: ನೋಡಿದ ಗಂಡುಗಳು ನಾಲ್ಕು, ಅಕ್ಕ ಬೇಡವೆಂದದ್ದು ಒಂದು, ಸೆಗಣಿಯ ಕಾರಣಕ್ಕೆ ದೊಡ್ಡಪ್ಪ ಬೇಡವೆಂದದ್ದು ಮೂರು. ಅಕ್ಕ ಕೊನೆಗೆ ಆ ಟ್ರ್ಯಾಕ್ಟರಿನವನನ್ನೇ ಮದುವೆಯಾದಳು. ಬೀಗರು ಉಡುಗೊರೆಯಾಗಿ ಏನು ಕೊಡೋಣ ಎಂದಾಗ ದೊಡ್ಡಪ್ಪ ಕೇಳಿದ್ದು ಏನೆಂದು ಬೇರೆ ಹೇಳಬೇಕೆ? ಆ ಎಮ್ಮೆ ಈಗಲೂ ನಮ್ಮ ಕೊಟ್ಟಿಗೆಯಲ್ಲಿದೆ.

ಒಮ್ಮೆ ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆ ನೋಡಿ ಬಂದ. ಕಬ್ಬು ಹಿಂಡಿ ಉಳಿದ ಸಿಪ್ಪೆ ಉರಿಸಿ ಕರೆಂಟು ಮಾಡುತ್ತಾರೆ, ಕಾಕಂಬಿಯಿಂದ ಸ್ಪಿರಿಟ್ ತೆಗೆದು ಪೆಟ್ರೋಲಿಗೆ ಬೆರೆಸಲು ಕಳಿಸುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಕಾರ್ಖಾನೆಯವರನ್ನು ತನ್ನ ಧಂದೆಯವರೆಂದು ಎಣಿಸಿಬಿಟ್ಟ. “ಅವರು ಕಬ್ಬಿನಿಂದ ಮಾಡ್ತಾರ, ನಾನು ಕಬ್ಬಿನ ವಾಡಿ ತಿಂದ ಎಮ್ಮಿಯಿಂದ ಮಾಡ್ತೇನಿ. ನಡಕ ಒಂದು ಎಮ್ಮಿ ಅಷ್ಟ ಫರಕು!” ಮರುವಾರ ಜಮಖಂಡಿಯ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, “ಇದರಾಗ ನಮ್ಮ ಹೊಲದ ಕಬ್ಬು ಐತಿ, ರೇಟು ಸ್ವಲ್ಪ ಕಡಿಮಿ ಹಚ್ಚು,” ಎಂದ. ಬಂಕಿನವನೂ ಇಲ್ಲಿಯವನೇ. “ಕಾಕಾ, ಹಂಗಾರ ಕಬ್ಬಿನಷ್ಟು ನೀವು ಹಾಕಿಕೊಂಡು ಬರ್ರಿ, ಉಳಿದದ್ದು ನಾ ಹಾಕತೇನಿ!”

ದೀಪಾವಳಿಯದು ಇನ್ನೂ ದೊಡ್ಡ ಪೇಚು. ನಮ್ಮ ಕಡೆ ಪಾಡ್ಯದ ದಿನ ಸೆಗಣಿಯಿಂದ ಪಾಂಡವರನ್ನು ಮಾಡಿ, ಹೂ ಸಿಕ್ಕಿಸಿ, ಬಾಗಿಲಿಗೆ ಇಟ್ಟು ಪೂಜಿಸುತ್ತಾರೆ. ಓಣಿಯ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಎಂದಿನಂತೆ ನಮ್ಮ ಕೊಟ್ಟಿಗೆಗೆ ಬಂದರು. ಇಲ್ಲ ಎಂದರೆ ಪಾಪ, ಹೂಂ ಎಂದರೆ ಡ್ರಮ್ಮು ಇಳಿಯುತ್ತದೆ! ದೊಡ್ಡಪ್ಪ ಬಾಗಿಲಲ್ಲಿ ನಿಂತು ಕರಾರು ಹಾಕಿದ.

“ಒಯ್ರಿ. ಆದರ ಪೂಜಿ ಆದ ಮ್ಯಾಲೆ ಐದೂ ಮಂದಿ ಹೊಳ್ಳಿ ನಮ್ಮ ಗುಂಡಿಗೆ ಬರಬೇಕು.”

ಮುಂದಿನ ಮನೆಯ ಅಜ್ಜಿ ಬಿಡುತ್ತಾಳೆಯೇ? “ಏ ತಮ್ಮಾ, ಅವರಿಗೆ ಒಮ್ಮೆ ವನವಾಸ ಆಗೇತಿ. ಮತ್ತ ನಿನ್ನ ಗುಂಡಿ ವಾಸಾನೂ ಬೇಕೇನು?”

ನಗೆಗೀಡಾದರೂ ಫಲ ಸಿಕ್ಕಿತು. ಉರಿ ಜೋರಾಯಿತು, ಒಂದು ದಿನ ರೊಟ್ಟಿ ಉಬ್ಬಿತು. ದೊಡ್ಡವ್ವ ಕಟ್ಟಿಗೆ ಒಲೆಯ ಬಾಯಿಗೆ ಮಣ್ಣು ಮೆತ್ತಿದಳು. ಆಮೇಲೆ ಎರಡು ಚಳಿಗಾಲ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ನಾನು ಬೆಳಗಿನ ಬಸ್ಸಿಗೆ ಓಡುವಾಗ ಬುತ್ತಿಯಲ್ಲಿ ಬಿಸಿ ರೊಟ್ಟಿ ಇರದ ದಿನವೇ ಇರಲಿಲ್ಲ. ಎಮ್ಮೆಗಳಿಗೆ ನಾನು ಎಷ್ಟು ಋಣಿ ಎಂದು ಕಾಲೇಜಿನಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು?

ಇಂಥ ಗ್ಯಾಸು ಹೋದ ವರ್ಷ ಕೆಟ್ಟದ್ದು ಯಾರಿಂದ? ದೊಡ್ಡಪ್ಪನಿಂದಲೇ! ತಾಲೂಕಿನಿಂದ ಕೆಲವು ಸಾಹೇಬರು ಗ್ಯಾಸು ನೋಡಲು ಬರುತ್ತಾರೆಂದು ಸುದ್ದಿ ಬಂತು. ಎಲ್ಲರ ಮೂಗಿಗೂ ಸೆಗಣಿಯೇ ಸುಗಂಧ ಎಂದು ಸಾಧಿಸುತ್ತಿದ್ದ ಮನುಷ್ಯನಿಗೆ ಅಂದು ಮೊದಲ ಬಾರಿ ನಾಚಿಕೆಯಾಯಿತು. ಫಿನಾಯಿಲ್ ತಂದು ಕೊಟ್ಟಿಗೆಯನ್ನೆಲ್ಲ ತಿಕ್ಕಿ ತೊಳೆದ. ಆಸ್ಪತ್ರೆಯಂಥ ವಾಸನೆ ಬಂದು ಎಮ್ಮೆಗಳು ಗಾಬರಿಯಾದವು. ಸಾಹೇಬರು ಬಂದರು, ಗ್ಯಾಸಿನ ಮೇಲೆ ಕಾಸಿದ ಚಹಾ ಕುಡಿದರು, “ಭಾಳ ಸ್ವಚ್ಛ ಇಟ್ಟೀರಿ,” ಎಂದು ಹೊಗಳಿ ಹೋದರು. ತೊಳೆದ ನೀರು ಮಾತ್ರ ಮೋರಿಯಲ್ಲಿ ಹರಿದು ನೇರವಾಗಿ ಗುಂಡಿಗೆ ಹೋಗಿತ್ತು. ಸೆಗಣಿಯನ್ನು ಗ್ಯಾಸು ಮಾಡುವುದು ಅದರೊಳಗಿನ ಸೂಕ್ಷ್ಮ ಜೀವಿಗಳು. ಫಿನಾಯಿಲ್ ಕುಡಿದು ಅವು ಸತ್ತವು. ಕೆಲವು ದಿನಗಳಲ್ಲಿ ಉರಿ ನೀಲಿಯಿಂದ ಹಳದಿಗೆ ಬಂದು, ಮಿಣುಕಿ, ಆರಿತು. ಅದೂ ಚಳಿಗಾಲದ ಬಾಗಿಲಲ್ಲಿ.

ದೊಡ್ಡವ್ವ ಕಟ್ಟಿಗೆ ಒಲೆಯ ಮಣ್ಣು ಕೆತ್ತಿ ತೆಗೆದಳು. ಎರಡನೇ ವಾರಕ್ಕೆ ಕೆಮ್ಮು ಮರಳಿತು. ಮೂರನೇ ವಾರ ಅವಳನ್ನು ಜಮಖಂಡಿಯ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಅಲ್ಲಿಂದ ಮನೆಗೆ ಬಂದವಳನ್ನು ದೊಡ್ಡಪ್ಪ ಹೊರಸಿನ ಮೇಲೆ ಕೂರಿಸಿ, ಅಂಗಳದಲ್ಲಿ ಮೂರು ಕಲ್ಲು ಇಟ್ಟು ತಾನೇ ರೊಟ್ಟಿ ಬಡಿಯತೊಡಗಿದ.

“ಇದೇನ್ರಿ, ಬಿಜಾಪುರ ಜಿಲ್ಲಾದ ನಕ್ಷೇನು?” ಎಂದಳು ದೊಡ್ಡವ್ವ.

“ಜಿಲ್ಲಾ ಒಡದು ಬಾಗಲಕೋಟಿ ಬ್ಯಾರೆ ಆಗೇತಿ. ಅರ್ಧ ತಿನ್ನು ಸುಮ್ನ,” ಎಂದ.

ಸತ್ತ ಗುಂಡಿಗೆ ಜೀವ ಬರಬೇಕಾದರೆ ಹಾಲಿಗೆ ಹಾಕಿದಂತೆ ಹೆಪ್ಪು ಹಾಕಬೇಕು. ಚೆನ್ನಾಗಿ ನಡೆಯುವ ಬೇರೆ ಗುಂಡಿಯ ರಾಡಿಯೇ ಆ ಹೆಪ್ಪು. ಅಂಥದ್ದೊಂದು ಗುಂಡಿ ಬೀಳಗಿ ತಾಲೂಕಿನ ಪರಿಚಯದವರ ಮನೆಯಲ್ಲಿತ್ತು. ನಾವಿಬ್ಬರೂ ಹಾಲಿನ ಎರಡು ಕ್ಯಾನು ಹಿಡಿದು ಹೋಗಿ ತುಂಬಿಸಿಕೊಂಡು ಬಸ್ಸು ಹತ್ತಿದೆವು. ಒಳಗಿನ ಜೀವಗಳಿಗೆ ಚಳಿಯಾಗಬಾರದೆಂದು ದೊಡ್ಡಪ್ಪ ತನ್ನ ಕಂಬಳಿಯನ್ನು ಕ್ಯಾನುಗಳಿಗೆ ಹೊದಿಸಿ ತಾನು ನಡುಗುತ್ತ ಕೂತ. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

“ಯಜಮಾನ್ರ, ಏನ್ರಿ ಅದು ಕಂಬಳ್ಯಾಗ?”

“ಔಷಧ ರೀ.”

“ಯಾರಿಗೆ?”

“ನಮ್ಮ ಮನ್ಯಾಕಿಗೆ.”

ಕಂಡಕ್ಟರ್ ಗಾಬರಿಯಿಂದ ನನ್ನ ಮುಖ ನೋಡಿದ. “ತಂಗೀ, ಅದನ್ನ ಕುಡಸಬ್ಯಾಡ್ರಬೇ, ಸಾಯ್ತಾಳ ಆಕಿ!” ಬಸ್ಸೆಲ್ಲ ನಕ್ಕಿತು. ವಿಷಯ ತಿಳಿದ ಮೇಲೆ ಅವನು ಲಗೇಜಿಗೆ ಟಿಕೀಟು ಹರಿದರೂ, ಗಾಳಿ ತಾಕದಂತೆ ನಮ್ಮ ಕಡೆಯ ಕಿಟಕಿಯನ್ನು ತಾನೇ ಎಳೆದು ಮುಚ್ಚಿದ. ಆ ಬಸ್ಸಿನಲ್ಲಿ ಅಂದು ಕಿಟಕಿ ಮುಚ್ಚುವುದು ಎಂಥ ತ್ಯಾಗ ಎಂಬುದನ್ನು ನೀವೇ ಊಹಿಸಿಕೊಳ್ಳಿ!

ಕೆಟ್ಟ ರಾಡಿಯನ್ನು ಬಳಿದು ಹಾಕಿ ಗುಂಡಿ ತುಂಬಲು ರಾಶಿ ಸೆಗಣಿ ಬೇಕಿತ್ತು. ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಓಣಿಯ ಹೆಣ್ಣುಮಕ್ಕಳು ಸಾಲಾಗಿ ಬುಟ್ಟಿ ಹೊತ್ತು ಬಂದರು. ಮುಂದಿನ ಮನೆಯ ಅಜ್ಜಿ ತನ್ನ ಬುಟ್ಟಿ ಸುರಿದು, “ನಮ್ಮ ಕರಾರು ಏನೂ ಇಲ್ಲಪಾ. ಆಕಿ ಆರಾಮಾದ್ರ ಆತು,” ಎಂದಳು. ದೊಡ್ಡಪ್ಪ ಎರಡೂ ಕೈ ಜೋಡಿಸಿದ. ಆ ಕೈಗಳ ತುಂಬ ಸೆಗಣಿ ಇದ್ದದ್ದರಿಂದ ಯಾರೂ ಹತ್ತಿರ ಹೋಗಲಿಲ್ಲ, ಅಷ್ಟೇ.

ಡ್ರಮ್ಮು ಏರಿತು. ಆದರೆ ಮೊದಮೊದಲ ಗ್ಯಾಸು ಉರಿಯುವುದಿಲ್ಲ. ದೊಡ್ಡಪ್ಪ ದಿನಾ ಕಡ್ಡಿ ಗೀರುವನು, ಅದು ಆರುವುದು. ಜನವರಿಯ ಒಂದು ಮುಂಜಾನೆ ಒಲೆ ಭಪ್ಪೆಂದು ಹತ್ತಿತು, ನೀಲಿಯಾಗಿ, ಸುತ್ತಲೂ ಸಮನಾಗಿ. ಎಂದಿನಂತೆ ಹಿತ್ತಲಿಗೆ ಓಡಿ ಡ್ರಮ್ಮು ನೋಡುತ್ತಾನೆ, ಓಣಿಯನ್ನೆಲ್ಲ ಕೂಗಿ ಕರೆಯುತ್ತಾನೆ ಎಂದುಕೊಂಡೆ. ಅವನು ಹೋಗಲಿಲ್ಲ. ದೊಡ್ಡವ್ವ ಹಂಚು ಇಟ್ಟಳು. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಒಂದು ರೊಟ್ಟಿ ಆಯಿತು, ಎರಡಾಯಿತು, ಅವನು ಕದಲಲಿಲ್ಲ.

“ಏನ್ರಿ, ನಿದ್ದಿ ಬಂತೇನು?” ಎಂದಳು ದೊಡ್ಡವ್ವ.

“ಸುಮ್ನಿರು. ಕೆಮ್ಮತಿಯೇನು ಅಂತ ಕೇಳಾಕತ್ತೇನಿ.”

ಅವಳು ಕೆಮ್ಮಲಿಲ್ಲ. ಮುಂದಿನ ರೊಟ್ಟಿಯನ್ನು ಬೇಕೆಂದೇ ಮೆಲ್ಲಗೆ ಬಡಿದಳು, ಅವನಿಗೆ ಸರಿಯಾಗಿ ಕೇಳಲೆಂದು.

ಈಗ ಮತ್ತೆ ಡಿಸೆಂಬರ್. ಚಳಿಗೆ ಗುಂಡಿ ತಣ್ಣಗಾಗುತ್ತದೆ, ಗ್ಯಾಸು ಕಡಿಮೆಯಾಗುತ್ತದೆ. ದೊಡ್ಡವ್ವನ ಉಸಿರು ಗಿಡ್ಡವಾಗುವುದೂ ಇದೇ ದಿನಗಳಲ್ಲಿ. ದೊಡ್ಡಪ್ಪ ಕಬ್ಬಿನ ಒಣ ಎಲೆಗಳನ್ನು ಗುಂಡಿಯ ಸುತ್ತ ಒಟ್ಟಿದ್ದಾನೆ, ಸೆಗಣಿಗೆ ಬೆಚ್ಚಗಿನ ನೀರು ಬೆರೆಸುತ್ತಿದ್ದಾನೆ. ಆದರೂ ನಿನ್ನೆಯ ಉರಿ ಮೊನ್ನೆಯದಕ್ಕಿಂತ ಒಂದು ಬೆರಳು ಗಿಡ್ಡವಿತ್ತು. ಚಳಿಗಾಲದಲ್ಲಿ ಗುಂಡಿಯನ್ನು ಬೆಚ್ಚಗಿಡುವ ಇನ್ನೊಂದು ಉಪಾಯ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಸಂಕ್ರಾಂತಿಯವರೆಗೆ ಕಾಯಬೇಡಿ.