ಮೂರು ವಾಟಿನ ಕಾವು

ಸಾಕಿಬ್ ಕಟ್ಟಿದ ಆಂಪ್ಲಿಫೈಯರಿಗೆ ಇದ್ದದ್ದು ಮೂರೇ ಮೂರು ವಾಟ್ ಶಕ್ತಿ. ಆದರೆ ಅದು ಹಿಡಿದಿದ್ದ ಜಾಗ ಮಾತ್ರ ಹೆಂಡತಿ ರೂಬಿಯ ಹೊಲಿಗೆ ಮೆಷಿನ್ ಕೂರಬೇಕಾದ ಇಡೀ ಮೇಜು. ಜಗಳ ಶುರುವಾದದ್ದು ಅಲ್ಲಿಂದಲೇ.

ತಣಿಸಂದ್ರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸಾಕಿಬ್ ಹಳೇ ರೇಡಿಯೋಗಳ ಗಾಜಿನ ವಾಲ್ವು ಕೂಡಿಸಿ ಎಂಟು ತಿಂಗಳು ಒದ್ದಾಡಿದ್ದ. ಆನ್ ಮಾಡಿದರೆ ವಾಲ್ವುಗಳು ಕೆಂಡದ ಹಾಗೆ ಬೆಳಗುತ್ತಿದ್ದವು, ಮೇಲೆ ರೊಟ್ಟಿ ಬಿಸಿ ಮಾಡಬಹುದಿತ್ತು. ಆದರೆ ಇದ್ದ ಹಳೇ ಸ್ಪೀಕರಿನಲ್ಲಿ ಹಾಡು ಮಾತ್ರ ಕೇಳುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ರೂಬಿ ಕೊನೇ ಮಾತು ಹೇಳಿದ್ದಳು: ಹೊತ್ತು ಮುಳುಗುವುದರೊಳಗೆ ಅದರ ಹಾಡು ಅಡುಗೆಮನೆಗೆ ಕೇಳಬೇಕು, ಇಲ್ಲವಾದರೆ ಗುಜರಿಗೆ.

ಎದುರಂಗಡಿಯ ರಘುನಾಥ ಕಾರುಗಳಿಗೆ ಸ್ಪೀಕರ್ ಕೂರಿಸುವವನು. ಕೇಳದಿದ್ದರೂ ಎರಡು ಡಬ್ಬಿ ಹೊತ್ತುಕೊಂಡು ಬಂದ.

"ಸಾವಿರ ವಾಟ್ ಗುರು. ಇದಕ್ಕಿಂತ ಇನ್ನೇನ್ ಬೇಕು?"

ತಂತಿ ಸಿಕ್ಕಿಸಿದರೆ, ಬಾಟಲಿಯಲ್ಲಿ ಸಿಕ್ಕಿಕೊಂಡ ಸೊಳ್ಳೆಯ ಹಾಗೆ ಏನೋ ಗುಂಯ್ ಎಂದಿತು. ರಘುನಾಥ ಡಬ್ಬಿಗೆ ಕಿವಿ ಹಚ್ಚಿ, ಆಂಪ್ಲಿಫೈಯರಿಗೆ ಜ್ವರ ಬಂದಿರಬೇಕು ಎಂದ.

ಸಾಕಿಬ್‌ಗೆ ರೇಗಿತು. "ಸ್ಪೀಕರ್ ಎಷ್ಟು ವಾಟ್ ತಡ್ಕೊಳ್ಳುತ್ತೆ ಅನ್ನೋದು ಯಾರಿಗ್ ಬೇಕೋ? ಒಂದು ವಾಟ್ ಹಾಕಿದ್ರೆ ಎಷ್ಟು ಕೂಗುತ್ತೆ, ಅದ್ ಹೇಳು. ಇರುವೆ ಕೈಲಿ ಲಾರಿ ಎಳೆಸೋಕ್ ಬಂದಿದ್ದೀಯ."

ರಘುನಾಥ ಮುಖ ಊದಿಸಿಕೊಂಡು ಡಬ್ಬಿಗಳನ್ನು ವಾಪಸ್ ಒಯ್ದ. ಸಣ್ಣ ಶಕ್ತಿಗೆ ಜೋರಾಗಿ ಕೂಗುವ ಹೊಸ ಸ್ಪೀಕರಿಗೆ ಅಂಗಡಿಯವರು ಸ್ಕೂಟರಿನ ಬೆಲೆ ಹೇಳಿದ್ದರು. ತಲೆ ಮೇಲೆ ಕೈಹೊತ್ತು ಕೂತ ಸಾಕಿಬ್‌ಗೆ ಆಗ ಹಿಂದಿನ ಮನೆ ಮಾರಕ್ಕನ ಕೋಳಿಗೂಡು ನೆನಪಾಯಿತು.

ಅದು ಗೂಡಲ್ಲ, ಸ್ಪೀಕರು. ಮಾರಕ್ಕನ ಗಂಡ ಟೆಂಟ್ ಸಿನಿಮಾದಲ್ಲಿ ರೀಲು ಓಡಿಸುತ್ತಿದ್ದವನು. ಟೆಂಟು ಮುಚ್ಚಿದಾಗ ಬಾಕಿ ಸಂಬಳಕ್ಕೆ ಈ ಮರದ ಪೆಟ್ಟಿಗೆ ಸಿಕ್ಕಿತ್ತು. ಹತ್ತು ವಾಟಿನಲ್ಲಿ ಐನೂರು ಜನರನ್ನು ಅಳಿಸಿದ ಪೆಟ್ಟಿಗೆ. ಈಗ ಹಿಂಬದಿಯ ಹಲಗೆ ಕಳಚಿ, ಒಳಗೆ ಕೋಳಿ ಸಂಸಾರ.

ಮಾರಕ್ಕನ ಮಿಕ್ಸಿಯನ್ನು ಪುಕ್ಕಟೆ ರಿಪೇರಿ ಮಾಡಿಕೊಡುವುದೆಂದು ಮಾತಾಯಿತು. "ತಗಂಡೋಗಪ್ಪ, ಆದ್ರೆ ಈಗಲ್ಲ. ಕೋಳಿ ಕಾವು ಕೂತದೆ. ಇನ್ನ ಅನ್ನೆರಡು ದಿನ," ಎಂದಳು ಮಾರಕ್ಕ.

ಹನ್ನೆರಡು ದಿನ ಕಾಯಲು ರೂಬಿ ಬಿಡಬೇಕಲ್ಲ. ಮಾರಕ್ಕ ರಾಗಿ ಬೀಸಿಸಲು ಹೋದಳು; ಕೋಳಿ ಕಾಳು ಹೆಕ್ಕಲು ಎದ್ದಿತು. ಸಾಕಿಬ್ ಒಂಬತ್ತು ಮೊಟ್ಟೆಗಳನ್ನು ಹುಲ್ಲಿನ ಸಮೇತ ಟೊಮೆಟೊ ಕ್ರೇಟಿಗೆ ಇಳಿಸಿ, ಪೆಟ್ಟಿಗೆ ಹೊತ್ತು ತಂದ.

ಹಾಡಿತು ನೋಡಿ! ಮೂರು ವಾಟಿಗೆ ಅಡುಗೆಮನೆಯ ಲೋಟಗಳು ನಡುಗಿದವು. ಹಾಡುವವಳು ಮಧ್ಯೆ ಉಸಿರು ಎಳೆದುಕೊಂಡದ್ದೂ ಕೇಳಿತು. ರೂಬಿ ಸೌಟು ಹಿಡಿದೇ ಬಂದು ಕೂತಳು. ಗುಜರಿಯ ಮಾತು ಅಲ್ಲಿಗೆ ಮುಗಿಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದರು, ರಘುನಾಥನೂ ಬಂದ.

ಕೊನೆಗೆ ಬಂದವಳು ಮಾರಕ್ಕ. ಕೋಳಿ ಕ್ರೇಟಿನ ಹತ್ತಿರ ಸುಳಿಯದೆ ಅವಳ ಮನೆ ಮಾಡಿನ ಶೀಟಿನ ಮೇಲೆ ಹತ್ತಿ ಕೂತಿತ್ತು. ಮೊಟ್ಟೆಗಳು ತಣ್ಣಗಾಗುತ್ತಿದ್ದವು.

"ಇವ್ನ ಮೆಷಿನ್ನು ಒಳ್ಳೆ ಬೆಚ್ಚಗಿರುತ್ತೆ ಮಾರಕ್ಕ. ಮೊಟ್ಟೆ ಪಕ್ಕ ಇಟ್ಕೊಳ್ಳಿ," ಎಂದ ರಘುನಾಥ, ಬೆಳಗಿನ ಸೇಡು ತೀರಿಸಿಕೊಂಡು.

ಸಾಕಿಬ್ ಉಪಾಯ ಹೂಡಿದ. "ಸ್ಪೀಕರ್ ಇಲ್ದೆ ಇದನ್ನ ಆನ್ ಮಾಡಂಗಿಲ್ಲ ಅಕ್ಕ. ಸುಟ್ಟೋಗುತ್ತೆ."

"ಸರಿ ಬುಡು," ಎಂದಳು ಮಾರಕ್ಕ, "ಅದ್ನೂ ತತ್ತಾ."

ಹೊತ್ತು ಮುಳುಗುವ ಹೊತ್ತಿಗೆ ಆಂಪ್ಲಿಫೈಯರು, ಪೆಟ್ಟಿಗೆ ಎರಡೂ ಮಾರಕ್ಕನ ಹಿತ್ತಲು ಸೇರಿ, ಖಾಲಿ ಮೇಜಿನ ಮೇಲೆ ರೂಬಿಯ ಮೆಷಿನ್ ಓಡುತ್ತಿತ್ತು. ಹಿಂದಿನ ಗೋಡೆಯಾಚೆಯಿಂದ ಹಾಡು ಅಡುಗೆಮನೆಗೆ ಚೆನ್ನಾಗಿಯೇ ಕೇಳುತ್ತಿತ್ತು. ಅಷ್ಟರಲ್ಲಿ ಮಾರಕ್ಕನ ಕೂಗು: ಕೋಳಿ ಇಳಿದು ಬಂದು, ಪೆಟ್ಟಿಗೆಗೆ ವಾಪಸ್ ಇಟ್ಟ ಮೊಟ್ಟೆಗಳ ಮೇಲೆ ಕೂತಿದೆಯಂತೆ.

ಸಾಕಿಬ್ ಒಂದೇ ನೆಗೆತಕ್ಕೆ ಗೋಡೆ ಹತ್ತಿದ. "ಹಾಗಾದ್ರೆ ಆಂಪ್ಲಿಫೈಯರ್ ತಗೊಂಡ್ ಹೋಗ್ಲಾ ಅಕ್ಕ?"

"ಆಡು ನಿಲ್ಲಿಸಿದ್ರೆ ಕೋಳಿ ಎದ್ದೋಯ್ತದೆ, ನೋಡಾಯ್ತು," ಎಂದಳು ಮಾರಕ್ಕ. "ಬೆಳಗ್ಗೇನೆ ಏಳಿದ್ನಲ್ಲಪ್ಪ, ಅನ್ನೆರಡು ದಿನ ಅಂತ."