ಕುಂಕುಮ ಬಿದ್ದ ಬಾಗಿಲಿನ ಕಣ್ಣು ಮತ್ತು ಮರೆಮ್ಮಳ ಕೆಲಸ

ಇಂದ:
ಮರೆಮ್ಮ, ಕಸ ಗುಡಿಸುವವಳು (ಆಯುಧಪೂಜೆಯವರೆಗೆ), ತಮ್ಮ ಕನ್ನಡಕ ಮಳಿಗೆ, ಮಣಿಪಾಲ.

ಗೆ:
ಮಾಲಕರು, ಸದರಿ ಮಳಿಗೆ. ಮನೆ: ಅಂಬಲಪಾಡಿ.

ವಿಷಯ: ಬಾಗಿಲಿನ ಕಣ್ಣು ಒರೆಸಿದ್ದಕ್ಕೆ ಹೋದ ಕೆಲಸವನ್ನು ಮರಳಿ ಕೊಡುವ ಬಗ್ಗೆ.

ಉಲ್ಲೇಖ: ಮ್ಯಾನೇಜರ್ ಉಮಾನಾಥರ ಮೌಖಿಕ ಆದೇಶ, "ನಾಳೆಯಿಂದ ಬರುವುದು ಬೇಡ." ಆಯುಧಪೂಜೆ, 2004.

ಮಾನ್ಯರೇ,

1. ತಮ್ಮ ಗಾಜಿನ ಬಾಗಿಲಿನ ನೆತ್ತಿಯಲ್ಲಿ ಒಂದು ಸೆನ್ಸರ್ ಉಂಟು, ಅದೇ ಬಾಗಿಲಿನ ಕಣ್ಣು. ಒಳಗಿನಿಂದಾಗಲಿ ಹೊರಗಿನಿಂದಾಗಲಿ ಎದುರು ಯಾರು ಬಂದರೂ ಅದು ಬೆಳಕಿನಲ್ಲೇ ತಿಳಿದು ಸರ್ಕ್ಯೂಟಿಗೆ ಹೇಳುತ್ತದೆ, ಸರ್ಕ್ಯೂಟು ಮೋಟಾರಿಗೆ ಹೇಳುತ್ತದೆ, ಬಾಗಿಲು ತೆರೆಯುತ್ತದೆ. ಬಂದವರ ಊರು, ಜಾತಿ ಕೇಳುವ ಪದ್ಧತಿ ಅದಕ್ಕಿಲ್ಲ. ಆ ಕಾರಣದಿಂದ, ಕಸ ಗುಡಿಸುವವರು ಹಿಂಬಾಗಿಲಿನಿಂದಲೇ ಬರತಕ್ಕದ್ದೆಂದು ಉಮಾನಾಥರು ಪ್ರತ್ಯೇಕ ಆದೇಶ ಹೊರಡಿಸಬೇಕಾಯಿತು.

2. ಆಯುಧಪೂಜೆಯಂದು ಕಂಪ್ಯೂಟರಿಗೆ, ಲೆನ್ಸ್ ಉಜ್ಜುವ ಯಂತ್ರಕ್ಕೆ ಗಂಧ-ಕುಂಕುಮ ಹಚ್ಚಿದ ಉಮಾನಾಥರು ಕೊನೆಗೆ ಸ್ಟೂಲು ಹತ್ತಿ ಸೆನ್ಸರಿಗೂ ದಪ್ಪಗೆ ಮೆತ್ತಿದರು. ಸ್ಟೂಲು ಹಿಡಿದವಳು ಅರ್ಜಿದಾರಳೇ. "ಮದುವಣಗಿತ್ತಿ ಕಂಡಂಗ ಕಾಣ್ತೈತ್ರೀ ಸರ್ರ!" ಎಂದು ಹೊಗಳಿದವಳೂ ಅವಳೇ.

3. ಮಂಗಳಾರತಿ ಮುಗಿಯಿತು. ಬಾಗಿಲು ತೆರೆಯಲಿಲ್ಲ. ಧೂಪದ ಹೊಗೆ ತುಂಬಿತು. ಉಮಾನಾಥರು ಸೆನ್ಸರಿನೆದುರು ಕೈ ಬೀಸಿದರು, ಆಮೇಲೆ ಕುಣಿದರು. ಪೂಜೆಗೆ ಬಂದಿದ್ದ ಮಾಲಕರಾದ ತಾವೂ ಒಮ್ಮೆ ಹಾರಿದ್ದನ್ನು ಅರ್ಜಿದಾರಳು ನೋಡಿಲ್ಲವೆಂದು ಇಲ್ಲಿ ನಮೂದಿಸುತ್ತಾಳೆ. ಹಿಂಬಾಗಿಲಿಗೆ ಚಿಲಕವನ್ನೂ ಹಾಕಿರಲಿಲ್ಲ. ತಾವು ಅತ್ತ ಹೆಜ್ಜೆ ಇಟ್ಟಾಗ ಉಮಾನಾಥರು, "ಛೆ ಛೆ, ಧಣಿಗಳು ಕಸದ ಬಾಗಿಲಿನಲ್ಲಿ ಹೋಗುವುದುಂಟಾ?" ಎಂದು ಅಡ್ಡ ನಿಂತರು. ಆದ್ದರಿಂದ ತಾವೆಲ್ಲರೂ ಕೆಮ್ಮುತ್ತ ಮರ್ಯಾದೆ ಕಾಪಾಡಿಕೊಂಡಿರಿ.

4. ಆಗ ಅರ್ಜಿದಾರಳು, "ಮದುವಣಗಿತ್ತಿ ಕಣ್ಣಾಗ ಕುಂಕುಮ ಬಿದ್ದೈತ್ರೋ ಯಪ್ಪಾ!" ಎಂದು ನಗುತ್ತ ಸ್ಟೂಲು ಹತ್ತಿ ಸೆರಗಿನಿಂದ ಒರೆಸಿದಳು. ಬಾಗಿಲು ತೆರೆಯಿತು. ಮೊದಲು ಓಡಿದವರು ಉಮಾನಾಥರು. ಗಾಳಿ ಕುಡಿದು ಹಿಂದಿರುಗಿದವರೇ, "ಪೂಜೆಯ ಕುಂಕುಮ ಮುಟ್ಟುವಷ್ಟು ಆಯಿತಾ ನಿನಗೆ?" ಎಂದು ಉಲ್ಲೇಖಿತ ಆದೇಶ ನೀಡಿದರು. ಫೋನಿನ ಮೇಜಿನಲ್ಲಿದ್ದ ಮೇಬಲ್, "ಅವಳು ಮುಟ್ಟದಿದ್ದರೆ ನೀವು ಈಗಲೂ ಕುಣಿಯುತ್ತಾ ಇರ್ತಿದ್ದಿರಿ, ಅಲ್ವಾ ಸರ್?" ಎಂದದ್ದೂ ದಾಖಲೆಯಲ್ಲಿರಲಿ.

ಆದ್ದರಿಂದ, ಅರ್ಜಿದಾರಳ ಕೆಲಸವನ್ನು ಮರಳಿ ಕೊಡಬೇಕು; ಕೆಲಸಕ್ಕೆ ಬರುವ ದಾರಿ ಮುಂಬಾಗಿಲು ಎಂದು ಬರೆದು ಕೊಡಬೇಕು.

ತಮ್ಮ ಜೊತೆ ಅದೇ ಹೊಗೆಯಲ್ಲಿ ಕೆಮ್ಮಿದ ವಿಶ್ವಾಸಿ,
ಮರೆಮ್ಮ (ಹೆಬ್ಬೆಟ್ಟು)
ಬರೆದುಕೊಟ್ಟವರು: ಮೇಬಲ್

ಲಗತ್ತು: ಕುಂಕುಮದ ಕಲೆಯ ಸೆರಗು (ಕತ್ತರಿಸಿಲ್ಲ, ಉಟ್ಟುಕೊಂಡೇ ಬಂದು ಹಾಜರುಪಡಿಸಲಾಗುವುದು).

ವಿ.ಸೂ: ತಾವು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಅರ್ಜಿದಾರಳು ಸೋಮವಾರ ಬೆಳಗ್ಗೆ ಪೊರಕೆಸಮೇತ ಮುಂಬಾಗಿಲಿನ ಎದುರು ನಿಲ್ಲುತ್ತಾಳೆ. ಬಾಗಿಲು ತೆರೆದರೆ ಅರ್ಜಿ ಮಂಜೂರಾಯಿತೆಂದು ತಿಳಿದು ಒಳಗೆ ಬಂದು ಗುಡಿಸತೊಡಗುತ್ತಾಳೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಬಾಗಿಲಿನ ಕಣ್ಣಿಗೆ ಮತ್ತೆ ಪೂಜೆ ಮಾಡಬಾರದೆಂದು ಕೋರಿಕೆ.